ಬಿಸಿಲಿಗಿಟ್ಟ ಕಿತ್ತಳೆ ಎಣ್ಣೆ

ನಮ್ಮ ಮೇಡಂ ಬೆರಳನ್ನು ಯಂತ್ರ ಗುರುತು ಹಿಡಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಹಾಜರಿಗೆಂದು ಬೆರಳೊತ್ತುವ ಪೆಟ್ಟಿಗೆ ಬಂದ ಹೊಸದರಲ್ಲಿ ಅವರು ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಹೆಬ್ಬೆರಳು ಒತ್ತಿ, ಸೆರಗಿಗೆ ಒರೆಸಿ, ಬಾಯಿಂದ ಊದಿ, ಮತ್ತೆ ಒತ್ತಿ, ಕೆಂಪು ದೀಪ ಹತ್ತಿಕೊಂಡಿದ್ದನ್ನು ನೋಡಿ ನಗುತ್ತಿದ್ದರು. ಹಿಂದೆ ಉಳಿದ ಲೆಕ್ಚರರುಗಳ ಸಾಲು ಗೊಣಗುತ್ತಿತ್ತು. ಆ ಬೆರಳ ತುದಿಗಳು ಬಿಳಿಚಿಕೊಂಡು, ನುಣ್ಣಗೆ, ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟುಕೊಂಡು, ನೆನೆದು ಒಣಗಿದ ಸೋಪಿನ ಚೂರಿನ ಹಾಗಿದ್ದವು. ಗೆರೆ ಅನ್ನುವುದೇ ಇರಲಿಲ್ಲ. ಆಧಾರ್ ಮಾಡಿಸುವಾಗಲೂ ಇದೇ ರಗಳೆಯಾಗಿ ಕೊನೆಗೆ ಕಣ್ಣು ತೋರಿಸಿ ಬಂದಿದ್ದರಂತೆ. "ನನ್ನ ಗುರುತನ್ನು ಅಸಿಟೋನು, ಬೆಂಜೀನು ಸೇರಿ ತೊಳೆದು ಹಾಕಿವೆ ಮಾರಾಯ್ತಿ, ಇನ್ನು ನಾನು ಕಳ್ಳತನ ಮಾಡಿದರೂ ಸಿಕ್ಕಿಬೀಳಲಿಕ್ಕಿಲ್ಲ" ಎಂದು ನನಗೆ ಹೇಳಿದ್ದರು.

ಸಕಲೇಶಪುರದಲ್ಲಿ ನಮಗೆ ಬಿಎಸ್ಸಿಗೆ ರಸಾಯನಶಾಸ್ತ್ರ ಕಲಿಸಿದವರು ಅವರು. ಅಜ್ಜನ ಕಾಲಕ್ಕೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಯಸಳೂರಿನ ಹತ್ತಿರ ಕಾಫಿ ಎಬ್ಬಿಸಿದ ಕ್ರಿಶ್ಚಿಯನ್ನರ ಮನೆ. ತೋಟವನ್ನು ತಮ್ಮ ನೋಡಿಕೊಳ್ಳುತ್ತಿದ್ದರು. ಇವರು ಮದುವೆಯಾಗದೆ ಅದೇ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬಂದು ಹೋಗುತ್ತಿದ್ದರು. ತೋಟದ ಲೈನುಮನೆಗಳ ಕೂಲಿಯವರ, ಸುತ್ತಲಿನ ಹೆಂಗಸರ ಬಾಯಲ್ಲಿ ಬಾಯಮ್ಮ, ನಮ್ಮ ಬಾಯಲ್ಲಿ ಮೇಡಂ. ಘಟ್ಟದ ಮೇಲೆ ಹುಟ್ಟಿ ಬೆಳೆದರೂ ಮಾತಿನಲ್ಲಿ ಕರಾವಳಿ ಬಿಟ್ಟುಹೋಗಿರಲಿಲ್ಲ. ನಾವು 'ಇದೆ' ಅಂದರೆ ಅವರು 'ಉಂಟು' ಅನ್ನುತ್ತಿದ್ದರು, ನಮಗೆ ಸಿಟ್ಟು ಬಂದರೆ ಕೂಗುತ್ತಿದ್ದೆವು, ಅವರಿಗೆ ಸಿಟ್ಟು ಬಂದರೆ 'ಎಂತದು?' ಎಂದು ಕೇಳಿ ಸುಮ್ಮನೆ ನೋಡುತ್ತಿದ್ದರು. ಕೂಗಿದ್ದರೇ ವಾಸಿ ಎಂದು ಎಷ್ಟೋ ಸಲ ನನಗೆ ಅನ್ನಿಸಿದ್ದುಂಟು.

ಲ್ಯಾಬಿನಲ್ಲಿ ಅವರದ್ದೊಂದೇ ಮಂತ್ರ. ಏನನ್ನಾದರೂ ಕರಗಿಸಬೇಕು ಎಂದು ನಾವು ಕೈ ಚಾಚಿದರೆ ಸಾಕು, ಶುರು ಮಾಡುತ್ತಿದ್ದರು. "ಮೊದಲು ನೀರನ್ನು ಕೇಳು. ನೀರು ಆಗುವುದಿಲ್ಲ ಅಂದರೆ ಸಾರಾಯಿಯನ್ನು ಕೇಳು. ಅದೂ ಕೈಬಿಟ್ಟರೆ ಎಣ್ಣೆಯನ್ನು ಕೇಳು. ಇವರು ಯಾರೂ ಒಪ್ಪದಿದ್ದರೆ ಮಾತ್ರ ನನ್ನ ಹತ್ತಿರ ಬಾ, ಕಪಾಟಿನ ಬೀಗದ ಕೈ ನನ್ನಲ್ಲಿ ಉಂಟು." ಸಾರಾಯಿ ಎಂದಾಗ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆನ್ನುತ್ತಿದ್ದರು. ಈಥೈಲ್ ಆಲ್ಕೋಹಾಲಿಗೆ ಅವರು ಹಾಗೇ ಹೇಳುತ್ತಿದ್ದದ್ದು. ಬೀಗ ಹಾಕಿದ ಕಪಾಟಿನಲ್ಲಿ ಬೆಂಜೀನು, ಕ್ಲೋರೋಫಾರ್ಮು, ಇನ್ನೂ ಏನೇನೋ ಇದ್ದವು. ಮೂರು ವರ್ಷದಲ್ಲಿ ಆ ಬೀಗ ತೆಗೆದಿದ್ದನ್ನು ನಾನು ನೋಡಿದ್ದು ಅಪರೂಪ.

ಪುಸ್ತಕದಲ್ಲಿ ಅವಕ್ಕೆ ದ್ರಾವಕ ಎಂಬ ಹೆಸರು. ಒಂದನ್ನು ಕರಗಿಸಿಕೊಂಡು ಇನ್ನೊಂದರಿಂದ ಬಿಡಿಸಿ ತರುವ ದ್ರವ. ಮೇಡಂ ಅದಕ್ಕೆ ಕೂಲಿಯಾಳು ಅನ್ನುತ್ತಿದ್ದರು. ಔಷಧಿಯಾಗಲಿ, ಬಣ್ಣವಾಗಲಿ, ಮೆಣಸಿನ ಸತ್ವವಾಗಲಿ, ಹೊತ್ತು ತರುವುದೆಲ್ಲ ಈ ಆಳೇ. ಕೆಲಸ ಮುಗಿದ ಮೇಲೆ ಅದರ ಹೆಸರು ಯಾರೂ ಹೇಳುವುದಿಲ್ಲ, ಎಲ್ಲಿ ಹೋಯಿತು ಅಂತ ಕೇಳುವುದೂ ಇಲ್ಲ. "ಅದು ಎಲ್ಲೂ ಹೋಗುವುದಿಲ್ಲ. ಅರ್ಧ ನಮ್ಮ ಮೂಗಿಗೆ, ಅರ್ಧ ಹೇಮಾವತಿಗೆ" ಎಂದು ಕಿಟಕಿಯ ಕಡೆ ಕೈ ತೋರಿಸುತ್ತಿದ್ದರು. ಹಾಗಾಗಿ ಅವರು ಹೇಳುತ್ತಿದ್ದದ್ದು ಇಷ್ಟೇ: ಆಳನ್ನು ಆರಿಸುವಾಗಲೇ ಒಳ್ಳೆಯವನನ್ನು ಆರಿಸಬೇಕು. ಈಗ ಇದಕ್ಕೆ ಹಸಿರು ರಸಾಯನಶಾಸ್ತ್ರ ಎಂದು ದೊಡ್ಡ ಹೆಸರಿದೆ, ಪಠ್ಯದಲ್ಲೇ ಒಂದು ಅಧ್ಯಾಯವಿದೆ. ಮೇಡಂ ಮಾತ್ರ ಅಧ್ಯಾಯ ಬರುವ ಮೊದಲೇ ಹಟಕ್ಕೆ ಬಿದ್ದಿದ್ದರು.

ಹಟಕ್ಕೆ ಕಾರಣವಿತ್ತು. ಚಿಕ್ಕ ವಯಸ್ಸಿನಲ್ಲಿ ಸಂಶೋಧನೆ ಮಾಡುತ್ತೇನೆಂದು ಹೋಗಿದ್ದಾಗ ಅವರಿಗೊಬ್ಬಳು ಗೆಳತಿಯಿದ್ದಳಂತೆ. ಇಬ್ಬರೂ ಒಂದೇ ಮೇಜು, ಒಂದೇ ಡಬ್ಬಿ ಊಟ. ಕೈಗೆ ಅಂಟಿದ್ದು ಹೋಗದಿದ್ದರೆ ಬೆಂಜೀನಿನಲ್ಲೇ ಕೈ ತೊಳೆದು, ಒರೆಸಿಕೊಂಡು, ಊಟಕ್ಕೆ ಕೂರುತ್ತಿದ್ದರಂತೆ. ಗೆಳತಿ ರಕ್ತದ ಕಾಯಿಲೆ ಬಂದು ತೀರಿಹೋದಳು. ಮೇಡಂ ಸಂಶೋಧನೆ ಅರ್ಧಕ್ಕೆ ಬಿಟ್ಟು ಊರಿಗೆ ಬಂದರು. ಒಮ್ಮೆ ಮಾತ್ರ ಇದನ್ನು ನನ್ನ ಹತ್ತಿರ ಹೇಳಿದ್ದರು. "ಬೆಂಜೀನಿನಿಂದಲೇ ಅಂತ ಯಾವ ಡಾಕ್ಟರೂ ಬರೆದು ಕೊಡಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅವಳು ಕೈ ತೊಳೆಯುವಾಗ ಬಾಟಲಿ ಬಗ್ಗಿಸಿ ಹಾಕುತ್ತಿದ್ದವಳು ನಾನು."

ನನ್ನನ್ನು ಅವರು ಗುರುತಿಟ್ಟದ್ದು ಮೂಗಿನಿಂದ. ನನ್ನ ಬುದ್ಧಿಯಿಂದ ಎಂದು ಬರೆಯಲು ಆಸೆಯೇನೋ ಇದೆ, ಆದರೆ ನಿಜ ಅದಲ್ಲ. ನಮ್ಮೂರು ಕೆ. ಹೊಸಕೋಟೆ ಕಡೆ. ಕಾಲೇಜಿಗೆ ಹತ್ತಿರವಾಗಲಿ ಎಂದು ಬಾಳ್ಳುಪೇಟೆಯಲ್ಲಿದ್ದ ಅಣ್ಣ ಅತ್ತಿಗೆಯ ಮನೆಯಲ್ಲಿದ್ದು ಓದುತ್ತಿದ್ದೆ. ಅಣ್ಣ ಲಾರಿಗಳಿಗೆ ಬಣ್ಣ ಬಳಿಯುವವನು. ಹೆದ್ದಾರಿಯ ಬದಿಗೆ ತಗಡಿನ ಶೆಡ್ಡು, ಶೆಡ್ಡಿನ ಬೆನ್ನಿಗೆ ಮನೆ. ಮಧ್ಯೆ ಒಂದು ಬಾಗಿಲು, ಆ ಬಾಗಿಲಿಗೆ ಚಿಲಕವಿಲ್ಲ. ಊಟ, ಹಾಸಿಗೆ, ಬಟ್ಟೆ, ಎಲ್ಲದಕ್ಕೂ ತಿನ್ನರ್ ವಾಸನೆ. ಒಂದು ದಿನ ಮೇಡಂ ನನ್ನ ಹಿಂದೆ ಬಂದು ನಿಂತು, ಬಾಟಲಿ ಮೂಸುವಾಗ ನಮಗೆ ಹೇಳಿಕೊಟ್ಟಿದ್ದ ಹಾಗೇ ಅಂಗೈಯಿಂದ ಗಾಳಿ ಬೀಸಿಕೊಂಡು, "ನಿನ್ನ ಮನೆಯಲ್ಲಿ ಪೇಂಟಿಂಗ್ ಕೆಲಸ ಉಂಟಾ?" ಎಂದು ಕೇಳಿದರು. ಎಲ್ಲರ ಎದುರಿಗೆ ನನ್ನ ಮಾನ ಹೋಯಿತು ಅನ್ನಿಸಿತು. ಹೂಂ ಅಂದೆ. ಆ ವಾರದಲ್ಲೇ ಅವರು ಬಸ್ಸು ಹಿಡಿದು ನಮ್ಮ ಶೆಡ್ಡಿಗೆ ಬಂದಿಳಿದರು.

ಅಣ್ಣನ ಕೈ ಬಗ್ಗೆ ಇಲ್ಲಿ ಹೇಳಲೇಬೇಕು. ಅವನು ಸ್ಕೇಲಿಲ್ಲದೆ ಗೆರೆ ಎಳೆಯುತ್ತಿದ್ದ. ಲಾರಿಯ ಈ ತುದಿಯಲ್ಲಿ ಬ್ರಷ್ ಇಟ್ಟರೆ ಉಸಿರು ಹಿಡಿದು ಆ ತುದಿಗೇ ಎತ್ತುವುದು. ಗೆರೆ ಒಂದು ಕೂದಲಷ್ಟೂ ಅಲುಗುತ್ತಿರಲಿಲ್ಲ. ಮಂಗಳೂರಿಗೆ ಹೋಗುವ ಲಾರಿಯವರು ಅಣ್ಣನ ಕೈಯಲ್ಲೇ ಹೆಸರು ಬರೆಸಬೇಕೆಂದು ಇಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಆದರೆ ಆಗಲೇ ಸಂಜೆಯ ಹೊತ್ತಿಗೆ ಅವನಿಗೆ ತಲೆ ಗಿರ್ರೆನ್ನುತ್ತಿತ್ತು. ಹೇಳಿದ ಮಾತು ಮರೆಯುತ್ತಿದ್ದ. ಕಾಫಿ ಲೋಟ ಹಿಡಿದಾಗ ಬೆರಳು ಸಣ್ಣಗೆ ನಡುಗುತ್ತಿತ್ತು. ಬ್ರಷ್ ಹಿಡಿದಾಗ ಮಾತ್ರ ಇನ್ನೂ ನಡುಗುತ್ತಿರಲಿಲ್ಲ.

ಮೇಡಂ ಬಂದಾಗ ಅವನು ಕೆಲಸ ಮುಗಿಸಿ ತಿನ್ನರ್ ತಟ್ಟೆಯಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿ ಉಜ್ಜುತ್ತಿದ್ದ. ಅವರು ಬೋಧನೆ ಶುರು ಮಾಡುತ್ತಾರೆಂದು ನಾನು ನಾಚಿಕೊಂಡು ಮೂಲೆಯಲ್ಲಿ ನಿಂತೆ. ಅವರು ಇದನ್ನು ಬಿಟ್ಟು ಬೇರೆಯದರಲ್ಲಿ ತೊಳೆಯಲಿಕ್ಕೆ ಆಗುವುದಿಲ್ಲವಾ ಎಂದಷ್ಟೇ ಕೇಳಿದರು.

"ಏನ್ಮಾಡದು ಮೇಡಮ್ಮೋರೆ, ಸೋಪಿಗೆಲ್ಲ ಇದು ಬಗ್ಗಾಕಿಲ್ಲ. ತಿನ್ನರ್ರೇ ಆಗ್ಬೇಕು" ಅಂದ ಅಣ್ಣ.

ಮೇಡಂ ಅವನ ಕೈಯನ್ನು ಹಿಡಿದೆತ್ತಿ ಅದರ ಪಕ್ಕಕ್ಕೆ ತಮ್ಮ ಕೈ ಇಟ್ಟರು. ಅದೇ ಬಿಳಿಚು, ಅದೇ ಬಿರುಕು. ಅಣ್ಣ ಒಂದು ಸಲ ಕೈ ನೋಡಿದ, ಒಂದು ಸಲ ಅವರ ಮುಖ ನೋಡಿದ.

"ನನ್ನದು ಸೀಮೆಸುಣ್ಣ ಹಿಡಿಯುವ ಕೈ, ಹೇಗೋ ನಡೆಯಿತು" ಎಂದರು ಮೇಡಂ. "ನಿಮಗೆ ಈ ಕೈ ಬಿಟ್ಟರೆ ಎಂತ ಉಂಟು?"

ನಮ್ಮಣ್ಣ ಯಾರ ಮಾತಿಗೂ ಬಗ್ಗುವವನಲ್ಲ. ಅತ್ತಿಗೆ ಹೇಳಿ ಹೇಳಿ ಸೋತಿದ್ದರು. ಅವತ್ತು ಮಾತ್ರ ಕೈ ಬಿಡಿಸಿಕೊಳ್ಳದೆ ನಿಂತಿದ್ದ.

ಪೇಂಟಿಗೆ ಕಲಸುವ ತಿನ್ನರ್ ಬಿಡಿಸುವುದು ನನ್ನಿಂದಾಗದು ಎಂದು ಮೇಡಂ ಮೊದಲೇ ಒಪ್ಪಿಕೊಂಡರು. ಆದರೆ ಕೈ ತೊಳೆಯಲು, ಬ್ರಷ್ ತೊಳೆಯಲು, ಲಾರಿಯ ಮೈಯಿಂದ ಗ್ರೀಸು ಒರೆಸಲು ವಿಷವೇ ಬೇಕು ಅಂತ ಎಲ್ಲಿದೆ? ಮನೆಯ ತೋಟದಲ್ಲಿ ಕಾಫಿ ಗಿಡದ ನಡುವೆ ಇರುವ ಕಿತ್ತಳೆ ಮರಗಳ ಮೇಲೆ ಅವರ ಕಣ್ಣು ಬಿತ್ತು. ಕಿತ್ತಳೆ ಸಿಪ್ಪೆ ಹಿಂಡಿದರೆ ಚಿಮ್ಮುತ್ತದಲ್ಲ, ಕಣ್ಣಿಗೆ ಬಿದ್ದರೆ ಉರಿಯುವ ಆ ರಸ, ಅದು ಜಿಡ್ಡು, ಬಣ್ಣ, ಅಂಟು, ಎಲ್ಲವನ್ನೂ ಬಿಡಿಸುತ್ತದೆ. ತೋಟದಲ್ಲಿ ಹಿಂದೆ ನಿಂಬೆಹುಲ್ಲಿನ ಎಣ್ಣೆ ತೆಗೆಯುತ್ತಿದ್ದ ತಾಮ್ರದ ಹಂಡೆಯೊಂದು ಸ್ಟೋರಿನ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಕೊಳವೆ ಜೋಡಿಸಿ, ಸಿಪ್ಪೆ ತುಂಬಿ ಹಬೆ ಹಾಯಿಸತೊಡಗಿದರು. ಮೂಟೆಗಟ್ಟಲೆ ಸಿಪ್ಪೆಗೆ ಸೀಸೆಯ ತಳ ಮುಚ್ಚುವಷ್ಟು ಎಣ್ಣೆ. ಸಿಪ್ಪೆ ಸಾಲದೆ ಹೆದ್ದಾರಿಯ ಜ್ಯೂಸ್ ಅಂಗಡಿಯವರ ಹತ್ತಿರ ನಾನು ಹೋಗಿ ಬೇಡಿ ತರುತ್ತಿದ್ದೆ. ಬಿಎಸ್ಸಿ ಓದುವ ಹುಡುಗಿ ಸಿಪ್ಪೆ ಆಯುತ್ತಾಳೆಂದು ಬಾಳ್ಳುಪೇಟೆಯಲ್ಲಿ ಸಾಕಷ್ಟು ನಗಾಡಿದರು. ಅತ್ತ ಯಸಳೂರಿನಲ್ಲಿ ಬಾಯಮ್ಮ ಸಾರಾಯಿ ಭಟ್ಟಿ ಹಚ್ಚವ್ರಂತೆ ಎಂದು ಲೈನಿನಲ್ಲೆಲ್ಲ ಸುದ್ದಿಯಾಗಿ, ಒಬ್ಬ ಮುದುಕ ಖಾಲಿ ಬಾಟಲಿ ಹಿಡಿದು ಸ್ಟೋರಿನ ಬಾಗಿಲಿಗೇ ಬಂದಿದ್ದನಂತೆ. ಮೇಡಂ ಅವನ ಅಂಗೈಗೆ ಎರಡು ಹನಿ ಹಾಕಿ ಕಳಿಸಿದರು. ಆ ಕತೆಯನ್ನು ಕಾಲೇಜಿನಲ್ಲಿ ಹೇಳುವಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಆ ಎಣ್ಣೆಗೆ ತೌಡೆಣ್ಣೆ, ಸ್ವಲ್ಪ ಸೋಪು ಬೆರೆಸಿ ಅಣ್ಣನಿಗೆ ತಂದುಕೊಟ್ಟರು. ಮೊದಲ ದಿನ ಅವನು ಅನುಮಾನದಿಂದಲೇ ಉಜ್ಜಿಕೊಂಡ. ಪೇಂಟು ಬಿಟ್ಟಿತು. ತಿನ್ನರ್‌ನಷ್ಟು ಬೇಗ ಅಲ್ಲ, ಆದರೂ ಬಿಟ್ಟಿತು. ಮರದ ಹೊಟ್ಟು ಸೇರಿಸಿ ಉಜ್ಜಿದರೆ ಇನ್ನೂ ಚೆನ್ನಾಗಿ ಬಿಡುತ್ತದೆಂದು ಅವನೇ ಕಂಡುಕೊಂಡ. ಕೆಲವು ವಾರ ಕಳೆದ ಮೇಲೆ ಸಂಜೆಯ ತಲೆಸುತ್ತು ಕಮ್ಮಿಯಾಯಿತು. ಅಕ್ಕಪಕ್ಕದ ಪೇಂಟರುಗಳೂ ಬಂದು ಮೂಸಿ ನೋಡಿ ಸೀಸೆ ಕೇಳತೊಡಗಿದರು. ಎಲ್ಲರಿಗಿಂತ ಹಿಗ್ಗಿದವರು ಅತ್ತಿಗೆ. ಮದುವೆಯಾಗಿ ಬಂದಾಗಿನಿಂದ ತಿನ್ನರ್ ನಾತದಲ್ಲೇ ಉಂಡವರು. "ಈಗ ಹಣ್ಣು ತಿಂದ್ಕಂಡು ಬಂದ ಮಗು ಥರ ಘಮ್ಮಂತರೆ ನಿಮ್ಮಣ್ಣ" ಎಂದು ನನ್ನ ಹತ್ತಿರ ಹೇಳಿ ತಾವೇ ನಾಚಿಕೊಂಡರು. ಸೀಸೆಗಳನ್ನು ಜೋಪಾನ ಮಾಡುವ ಕೆಲಸ ತಾವಾಗಿಯೇ ವಹಿಸಿಕೊಂಡರು. ದೇವರ ಗೂಡಿನ ಪಕ್ಕದ ಹಲಗೆ ಖಾಲಿ ಮಾಡಿ ಅಲ್ಲಿ ಸಾಲಾಗಿ ಇಟ್ಟರು.

ಆಮೇಲೆ ಮಳೆಗಾಲ ಬಂತು. ನಮ್ಮ ಕಡೆಯ ಮಳೆಗಾಲ ಕಂಡವರಿಗೆ ಹೇಳಬೇಕಾಗಿಲ್ಲ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಪೆಟ್ಟಿಗೆಯಲ್ಲಿಟ್ಟ ಮದುವೆ ಸೀರೆಗೆ ಬೂಸ್ಟು. ಮುಟ್ಟಿದ್ದಕ್ಕೆಲ್ಲ ಬೂದಿ ಹಚ್ಚಿದ ಹಾಗೆ ಹಿಡಿಯುತ್ತದೆ. ಹಾಗಾಗಿ ನಡುವೆ ಒಂದು ದಿನ ಬಿಸಿಲು ಮುಖ ತೋರಿಸಿದರೆ ಸಾಕು, ಪ್ರತಿ ಮನೆಯ ಹೆಂಗಸರೂ ಮನೆಯನ್ನೇ ಮಗುಚಿ ಅಂಗಳಕ್ಕೆ ಹಾಕುತ್ತಾರೆ. ಕಂಬಳಿ, ದಿಂಬು, ಉಪ್ಪಿನಕಾಯಿ ಜಾಡಿ, ಮೆಣಸಿನಕಾಯಿ, ನನ್ನ ಮಾರ್ಕ್ಸ್ ಕಾರ್ಡು. ಬಿಸಿಲು ಕಂಡದ್ದು ಕೆಡುವುದಿಲ್ಲ ಎನ್ನುವುದು ನಮ್ಮ ಕಡೆ ಹುಟ್ಟಿದವರ ರಕ್ತದಲ್ಲೇ ಇದೆ. ಅತ್ತಿಗೆ ಆ ಸೀಸೆಗಳನ್ನೂ ಇಟ್ಟರು. ಒಳಗಿನ ತಂಡಿಯೂ ಆರಲಿ ಎಂದು ಮುಚ್ಚಳ ತೆಗೆದು, ನೊಣ ಬೀಳದ ಹಾಗೆ ತೆಳ್ಳನೆ ಬಟ್ಟೆ ಕಟ್ಟಿ, ಶೆಡ್ಡಿನ ತಗಡಿನ ಮೇಲೆ ಸಾಲಾಗಿಟ್ಟರು. ಬಿಸಿಲು ಬಂದ ದಿನವೆಲ್ಲ ಇಟ್ಟರು. ನಾನೂ ನೋಡಿದೆ. ಇಡೀ ಬೀದಿಯಲ್ಲಿ ಎಲ್ಲರ ಸಾಮಾನೂ ಬಿಸಿಲಿಗೆ ಬಿದ್ದಿರುವಾಗ ಅದರಲ್ಲಿ ನೋಡಲು ಏನಿತ್ತು?

ಕಿತ್ತಳೆ ಎಣ್ಣೆ ಉಪ್ಪಿನಕಾಯಿಯಲ್ಲ. ಗಾಳಿ, ಬೆಳಕು, ಬಿಸಿ ಮೂರೂ ತಾಗುತ್ತ ಹೋದರೆ ಅದರೊಳಗೆ ಬೇರೆಯೇ ಏನೋ ಹುಟ್ಟುತ್ತದೆ, ಚರ್ಮಕ್ಕೆ ಅದು ಆಗಿಬರುವುದಿಲ್ಲ. ಇದು ಮೇಡಂಗೆ ಗೊತ್ತಿತ್ತು. ಮುಚ್ಚಳ ಬಿಗಿಯಾಗಿರಲಿ ಎಂದು ಅಣ್ಣನಿಗೆ ಬಾಯಲ್ಲಿ ಹೇಳಿಯೂ ಇದ್ದರು. ಬಿಸಿಲಿನ ಮಾತು ಎತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಸಕಲೇಶಪುರ ಸೀಮೆಯಲ್ಲಿ ಯಾರಿಗಾದರೂ ಬಿಸಿಲಿನಿಂದ ಹುಷಾರು ಎಂದು ಹೇಳುವುದು ಹೊಳೆಯುತ್ತದೆಯೇ!

ಆಯುಧಪೂಜೆಗೆ ಮುಂಚಿನ ದಿನಗಳು ಬಂದವು. ಲಾರಿಗಳಿಗೆಲ್ಲ ಹೊಸ ಬಣ್ಣವಾಗುವುದು ಆಗಲೇ. ಪೇಂಟರುಗಳ ವರ್ಷದ ದುಡಿಮೆಯೆಲ್ಲ ಆ ದಿನಗಳದ್ದೇ. ಸರಿಯಾಗಿ ಆಗ ಅಣ್ಣನ ಕೈಯ ಚರ್ಮ ಎದ್ದಿತು. ಮೊದಲು ತುರಿಕೆ, ಆಮೇಲೆ ಕೆಂಪಗೆ ದದ್ದು, ಆಮೇಲೆ ನೀರು ತುಂಬಿದ ಗುಳ್ಳೆ. ಬೆರಳು ಮಡಚಲಾಗದೆ ಬ್ರಷ್ ಕೆಳಗಿಟ್ಟ. ನಮ್ಮ ಮನೆಯಿಂದ ಸೀಸೆ ಒಯ್ದಿದ್ದ ಇನ್ನಿಬ್ಬರಿಗೂ ಹಾಗೇ ಆಯಿತು. ಅರ್ಧ ಬಳಿದ ಲಾರಿಗಳು ಶೆಡ್ಡಿನ ಮುಂದೆ ನಿಂತಿದ್ದವು. ಮಾಲೀಕರು ಬೈದು ಗಾಡಿ ತೆಗೆದುಕೊಂಡು ಹಾಸನಕ್ಕೆ ಹೋದರು. ಅತ್ತಿಗೆ ಅವನಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದರು. ಅಣ್ಣನಂಥ ಅಣ್ಣ ಆ ತುತ್ತು ನುಂಗಲಾರದೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದ.

ನಾನು ಹೇಳಿದ್ದೇ ತಡ, ಮೇಡಂ ಕ್ಲಾಸು ಬಿಟ್ಟು ನನ್ನ ಜೊತೆ ಬಸ್ಸು ಹತ್ತಿದರು. ಶೆಡ್ಡಿನಲ್ಲಿ ಪೇಂಟರುಗಳು ಆಗಲೇ ಸೇರಿದ್ದರು. ಮೇಡಂ ನೇರ ಒಳಗೆ ಹೋಗಿ, ಹಲಗೆಯ ಮೇಲಿನ ಸೀಸೆ ತೆಗೆದು, ಅಂಗೈಯಿಂದ ಗಾಳಿ ಬೀಸಿಕೊಂಡರು. ಕಿತ್ತಳೆಯ ವಾಸನೆ ಹೋಗಿ ಹಳೇ ವಾರ್ನಿಷಿನ ಕಮಟು ವಾಸನೆ ಬರುತ್ತಿತ್ತು. ಎಣ್ಣೆ ಬೆರಳಿಗೆ ಅಂಟಂಟಾಗಿತ್ತು. ಅವರು ಅತ್ತಿಗೆಯ ಹತ್ತಿರ ಹೋಗಿ, ಹೊರಗಿನವರಿಗೆ ಕೇಳದ ಹಾಗೆ, ಇದನ್ನು ಬಿಸಿಲಿಗೆ ಇಟ್ಟಿದ್ದಿರಾ ಎಂದು ಕೇಳಿದರು.

"ಹೂಂ ಬಾಯಮ್ಮೋರೆ, ಬಿಸಿಲು ಬಂದಾಗೆಲ್ಲ ಮುಚ್ಚಳ ತೆಗೆದು ಇಟ್ಟೀನಿ" ಅಂದರು ಅತ್ತಿಗೆ. "ಬೂಸ್ಟು ಬರ್ಬಾರ್ದಲ್ಲ."

ಮೇಡಂ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆಮೇಲೆ ಅತ್ತಿಗೆಯ ತೋಳು ಸವರಿ, "ಒಳ್ಳೆಯದು ಮಾಡಿದಿರಿ" ಎಂದರು. ನಾನು ಬಾಯಿ ತೆರೆದೆ. "ನೀನು ಸುಮ್ಮನಿರು" ಎಂದು ನನ್ನನ್ನು ದಾಟಿಕೊಂಡು ಶೆಡ್ಡಿಗೆ ಬಂದು, ಎಲ್ಲರ ಮುಂದೆ ನಿಂತು, ತಪ್ಪು ತನ್ನದು, ಎಣ್ಣೆ ಹಳತಾದರೆ ಕೆಡುತ್ತದೆ, ಅದನ್ನು ತಾನು ಹೇಳದೆ ಹೋದೆ ಎಂದು ಒಪ್ಪಿಕೊಂಡರು. ಬಿಸಿಲಿನ ಮಾತು ಅವರ ಬಾಯಿಂದ ಬರಲಿಲ್ಲ. ಹೊಸ ಎಣ್ಣೆ ತಂದುಕೊಡುತ್ತೇನೆ, ಅದರಿಂದ ಏನೂ ಆಗುವುದಿಲ್ಲ ಎಂದರು. ಒಬ್ಬ ಪೇಂಟರು ನಕ್ಕ, ಅದು ಒಳ್ಳೆಯ ನಗುವಲ್ಲ.

ಅಣ್ಣ ಬಾಳೆಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ. ಕೂಗಾಡಲಿಲ್ಲ. "ಬ್ಯಾಡಿ ಮೇಡಮ್ಮೋರೆ" ಅಂದ. "ತಿನ್ನರ್ ಕೆಟ್ಟದು ಅಂತ ಗೊತ್ತಿತ್ತು, ಹುಷಾರಾಗಿರ್ತಿದ್ವಿ. ಇದು ಒಳ್ಳೇದು ಅಂದ್ರಿ. ನಂಬ್ಬುಟ್ವಿ."

ಬಸ್‌ಸ್ಟಾಪಿನವರೆಗೆ ಅವರ ಜೊತೆ ನಡೆದೆ. ಬಿಸಿಲಿನ ಮಾತನ್ನು ಮನೆಯಲ್ಲಿ ಎತ್ತಬೇಡ ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಆಮೇಲೆ ಒಮ್ಮೆ ಕಂದು ಬಣ್ಣದ ಸೀಸೆಯಲ್ಲಿ ಹೊಸ ಎಣ್ಣೆ ತುಂಬಿ, ಮುಚ್ಚಳಕ್ಕೆ ಮೇಣ ಹಾಕಿ ತಂದಿದ್ದರು. ಅಣ್ಣ ಶೆಡ್ಡಿನಿಂದ ಹೊರಗೆ ಬರಲೇ ಇಲ್ಲ. ಅತ್ತಿಗೆ ತೆಗೆದುಕೊಂಡು ಒಳಗಿಟ್ಟರು, ಯಾರೂ ಮುಟ್ಟಲಿಲ್ಲ. ಅಲ್ಲಿಂದಾಚೆಗೆ ಮೇಡಂ ಬಾಳ್ಳುಪೇಟೆಯಲ್ಲಿ ಇಳಿಯಲಿಲ್ಲ. ಹಾಸನಕ್ಕೆ ಹೋಗುವಾಗ ನಮ್ಮ ಶೆಡ್ಡು ಕಾಣದ ಬದಿಯ ಸೀಟು ಹುಡುಕುತ್ತಿದ್ದರೆಂದು ಅವರ ಜೊತೆ ಹೋಗುತ್ತಿದ್ದ ಇನ್ನೊಬ್ಬ ಮೇಡಂ ನನಗೆ ಹೇಳಿದರು. ತಾಮ್ರದ ಹಂಡೆ ಮತ್ತೆ ಸ್ಟೋರಿನ ಮೂಲೆ ಸೇರಿತು.

ಪಾಠದಲ್ಲೂ ಬದಲಾದರು. ಮೊದಲೆಲ್ಲ ಗಿಡದಿಂದ ಬಂದದ್ದು, ಹಣ್ಣಿನಿಂದ ಬಂದದ್ದು ಎಂದು ಹೇಳುವಾಗ ದನಿಯಲ್ಲಿ ಒಂದು ಹುರುಪಿರುತ್ತಿತ್ತು. ಈಗ ಯಾವ ದ್ರಾವಕದ ಹೆಸರು ಬಂದರೂ ಮೊದಲು ಕೇಳುತ್ತಿದ್ದದ್ದು ಬೇರೆ. ಎಷ್ಟು ದಿನದ್ದು? ಎಲ್ಲಿ ಇಡುತ್ತಾರೆ? ಯಾರ ಕೈಗೆ ಹೋಗುತ್ತದೆ, ಅವರ ಮನೆಯಲ್ಲಿ ಸಾಮಾನು ಹೇಗೆ ಇಟ್ಟುಕೊಳ್ಳುತ್ತಾರೆ? ಕೊನೆಯ ಪ್ರಶ್ನೆ ಯಾವ ಪುಸ್ತಕದಲ್ಲೂ ಇಲ್ಲ. ಈಗ ನಾನು ಆಲೂರಿನ ಕಡೆ ಪಾಠ ಮಾಡುತ್ತೇನೆ, ನನ್ನ ಕ್ಲಾಸಿನ ಮಕ್ಕಳನ್ನೂ ಅದನ್ನೇ ಕೇಳುತ್ತೇನೆ. ಅವರು ಮಿಕಿಮಿಕಿ ನೋಡುತ್ತಾರೆ.

ಅಣ್ಣನ ಗುಳ್ಳೆ ಹಬ್ಬ ಕಳೆದ ಮೇಲೆ ವಾಸಿಯಾಯಿತು. ಕೈ ಮತ್ತೆ ತಿನ್ನರ್ ತಟ್ಟೆಗೆ ಹೋಯಿತು, ಮೊದಲಿಗಿಂತ ಜಾಸ್ತಿ, ಹಟಕ್ಕೆ ಎನ್ನುವ ಹಾಗೆ. ನಾನು ಎಂಎಸ್ಸಿಗೆಂದು ಹೋಗಿ, ಕೆಲಸ ಹಿಡಿದು, ಬಂದು ಹೋಗಿ ಮಾಡುವಷ್ಟರಲ್ಲಿ ಲೋಟದ ನಡುಕ ಬ್ರಷ್ಷಿಗೂ ಬಂದುಬಿಟ್ಟಿತ್ತು. ಹಾಸನದ ಡಾಕ್ಟರು ನರದ ತೊಂದರೆ ಎಂದರು. ಪೇಂಟಿನ ಗಾಳಿ ಬಿಡಬೇಕು, ಇಷ್ಟು ವರ್ಷ ಕುಡಿದ ಗಾಳಿಗೆ ಮಾತ್ರ ಔಷಧಿಯಿಲ್ಲ ಎಂದರು. ಈಗ ಶೆಡ್ಡಿನಲ್ಲಿ ಅಕ್ಷರಗಳನ್ನು ಮಿಷನ್ ಕತ್ತರಿಸುತ್ತದೆ, ಹುಡುಗರು ಅಂಟಿಸುತ್ತಾರೆ. ಅಣ್ಣ ಹಟ ಬಿಡದೆ ಒಂದು ಬಾಗಿಲು, ಒಂದು ಡಬ್ಬಿ ಬಳಿಯುತ್ತಾ ಇರುತ್ತಾನೆ. ಗೆರೆ ಎಳೆಯುವುದಿಲ್ಲ.

ಮೇಡಂ ಕಾಯಿಲೆ ಬಿದ್ದಿದ್ದಾರೆಂದು ತಿಳಿದು ಯಸಳೂರಿಗೆ ಹೋದೆ. ರಿಟೈರಾಗಿ ಬಹಳ ದಿನವಾಗಿರಲಿಲ್ಲ. ಲಿವರ್ ಕಾಯಿಲೆ ಎಂದರು ಮನೆಯವರು. ಕಾಫಿ ಹರಡಿದ ಕಣದ ಎದುರು ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಕೈ ಇನ್ನೂ ತೆಳ್ಳಗಾಗಿತ್ತು, ಕಣ್ಣು ಹಳದಿ. ಕಾಯಿಲೆಯವರ ಹತ್ತಿರ ಜಗಳ ಆಡಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ನನ್ನ ನಾಲಿಗೆ ನನಗೆ ಗೊತ್ತಿದ್ದೂ ಹಾಗಂದುಕೊಂಡಿದ್ದೇ ತಪ್ಪು. ಹೋದವಳೇ ಕೇಳಿಬಿಟ್ಟೆ, ಅವತ್ತು ಬಿಸಿಲಿನ ಮಾತು ಯಾಕೆ ಹೇಳಲಿಲ್ಲ ಎಂದು. ಎಣ್ಣೆ ಕೆಟ್ಟದ್ದಲ್ಲ, ಇಟ್ಟದ್ದು ಕೆಟ್ಟಿತು ಎಂದು ಒಂದು ಮಾತು ಹೇಳಿದ್ದರೆ ಅಷ್ಟೂ ಜನ ಹೊಸ ಸೀಸೆ ತೆಗೆದುಕೊಳ್ಳುತ್ತಿದ್ದರು. ನಮ್ಮಣ್ಣನ ಕೈ ಇವತ್ತು ಬೇರೆ ಥರ ಇರುತ್ತಿತ್ತು. ನಿಮಗೆ ಸತ್ಯ ಹೇಳಲು ಏನಾಗಿತ್ತು ಮೇಡಂ ಎಂದು ಕೇಳುವಾಗ ನನ್ನ ದನಿ ಏರಿತ್ತು.

ಅವರು 'ಎಂತದು' ಅನ್ನಲಿಲ್ಲ.

"ಅವನ ದುಡಿಮೆ ಹಾಳಾಗಿ ಕೂತಿದ್ದ. ಅಷ್ಟೂ ಗಂಡಸರು ಮುಂದೆ ನಿಂತಿದ್ದರು. ಅವರ ಎದುರು ಇವನ ಹೆಂಡತಿಯಿಂದ ಆಯಿತು ಅಂತ ಹೇಳಲಾ?" ಎಂದರು. "ನಾನು ಬಸ್ಸು ಹತ್ತಿ ಹೋಗುವವಳು. ಅವಳು ಅದೇ ಮನೆಯಲ್ಲಿ ಇರುವವಳು."

ಅವರೇ ಮುಂದುವರಿಸಿದರು. "ನೀನು ಹೇಳುವುದೂ ಸರಿ ಉಂಟು. ಅವಳನ್ನು ಉಳಿಸಲಿಕ್ಕೆ ಹೋಗಿ ಎಣ್ಣೆಯ ಹೆಸರು ಕೆಡಿಸಿದೆ. ಆ ಹೆಸರಿನ ಹಿಂದೆ ಅವನ ಕೈ ಉಂಟು ಅಂತ ಆಗ ನೆನಪಾಗಲಿಲ್ಲ. ಆಮೇಲೆ ದಿನಾ ನೆನಪಾಯಿತು."

ಹೊರಡುವಾಗ ನನ್ನ ಕೈ ಹಿಡಿದುಕೊಂಡು ಕೇಳಿದರು, ನಿಮ್ಮಣ್ಣ ಈಗ ಕೈ ಎಂತದರಲ್ಲಿ ತೊಳೆಯುವುದು ಎಂದು. ತಿನ್ನರ್‌ನಲ್ಲೇ ಮೇಡಂ ಎಂದೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ನಾನು ಅಂಗಳ ಇಳಿಯುವವರೆಗೂ ತೆರೆಯಲಿಲ್ಲ. ಅದೇ ಕಡೆಯ ಭೇಟಿ.

ಆ ಸಲ ಕಾಫಿ ಹೂವಾಗುವ ಮುಂಚೆಯೇ ಹೋದರು. ನಾನು ಫೋನಿನಲ್ಲಿ ಸುದ್ದಿ ಹೇಳಿದಾಗ ಅಣ್ಣ ಹೂಂ ಅಂದು ಫೋನಿಟ್ಟ. ಮಣ್ಣು ಮಾಡುವ ದಿನ ನೋಡಿದರೆ ಅತ್ತಿಗೆಯನ್ನು ಕರೆದುಕೊಂಡು ಇಗರ್ಜಿಗೆ ಬಂದಿದ್ದ, ಕೈಯಲ್ಲಿ ಕಪ್ಪು ಪೇಂಟಿನ ಡಬ್ಬಿ, ಜೇಬಿನಲ್ಲಿ ಬ್ರಷ್. ಮೇಡಂ ತಮ್ಮನ ಹತ್ತಿರ ಹೋಗಿ, ಶಿಲುಬೆಯ ಮೇಲಿನ ಹೆಸರು ನಾನು ಬರೀತೀನಿ ಬುಡಿ ಎಂದು ಕೇಳಿಕೊಂಡ. ಅವರು ಅವನ ಕೈ ನಡುಗುವುದನ್ನು ನೋಡಿದರು, ಆದರೂ ಮರದ ಶಿಲುಬೆಯನ್ನು ಅವನ ಮುಂದೆ ಇಟ್ಟರು. ಅಣ್ಣ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆದ. ಒಂದೊಂದು ಅಕ್ಷರಕ್ಕೂ ನಿಂತು ಉಸಿರು ತೆಗೆದುಕೊಂಡ. ಹೆಸರಿನ ಕೆಳಗೆ ಒಂದು ಗೆರೆ ಎಳೆಯಲು ಹೋದ, ಅದು ಅರ್ಧಕ್ಕೆ ಅಡ್ಡಾದಿಡ್ಡಿಯಾಯಿತು. ಒರೆಸಿ ಮತ್ತೆ ಎಳೆಯುತ್ತಾನೆ ಎಂದುಕೊಂಡೆ. ಹಾಗೇ ಬಿಟ್ಟ.

ಎಲ್ಲ ಮುಗಿದು ಜನ ಕರಗಿದ ಮೇಲೆ ಅವನು ಇಗರ್ಜಿಯ ಹಿಂದಿನ ನಲ್ಲಿಯ ಹತ್ತಿರ ಹೋದ. ಕೈಯೆಲ್ಲ ಕಪ್ಪು. ತಿನ್ನರ್ ತಂದಿರಲಿಲ್ಲ. ನಾನು ಏನು ಮಾಡುತ್ತಾನೋ ಎಂದು ನೋಡುತ್ತಿದ್ದೆ. ಅತ್ತಿಗೆ ಬ್ಯಾಗಿನಿಂದ ಅಡಿಗೆ ಎಣ್ಣೆಯ ಸಣ್ಣ ಬಾಟಲಿ, ಕಾಗದದಲ್ಲಿ ಕಟ್ಟಿದ ಮರದ ಹೊಟ್ಟು, ಸೋಪು ಹೊರಗೆ ತೆಗೆದರು. ಮನೆಯಿಂದ ಹೊರಡುವಾಗಲೇ ಇಟ್ಟುಕೊಂಡಿದ್ದರು. ಅವನ ಅಂಗೈಗೆ ಎಣ್ಣೆ ಹಾಕಿದರು, ಹೊಟ್ಟು ಉದುರಿಸಿದರು. ಅವನು ಉಜ್ಜತೊಡಗಿದ. ಬಿಡುವುದು ನಿಧಾನ, ಬಹಳ ನಿಧಾನ.

ಅತ್ತಿಗೆ ಬಾಟಲಿ ಹಿಡಿದು ನಿಂತವರು ನನ್ನ ಕಡೆ ತಿರುಗದೆಯೇ ಮಾತಾಡಿದರು.

"ಬಿಸಿಲಿಗೆ ಇಟ್ಟಿದ್ರಾ ಅಂತ ಬಾಯಮ್ಮೋರು ಕೇಳಿದ್ರಲ್ಲ, ಅವರ ಮುಖ ನೋಡಿ ಆವತ್ತೇ ನಂಗೆ ಗೊತ್ತಾಗ್ಬುಡ್ತು ಕಣವ್ವ, ನಾ ಮಾಡಿದ್ದೇ ಅಂತ. ಬಾಯಿ ಬುಟ್ಟು ಹೇಳಕ್ಕೆ ಹೆದರ್ಕಂಡೆ. ಏನಾಗ್ತಿತ್ತು, ನಿಮ್ಮಣ್ಣ ಬಯ್ಯೋರು, ಅಷ್ಟೇ ತಾನೆ. ಬಯ್ಸ್ಕಂಡಿದ್ರೆ ಆ ಎಣ್ಣೆ ಉಳೀತಿತ್ತು. ಈ ಕೈ ಉಳೀತಿತ್ತು."

ನನಗೆ ಅಣ್ಣನ ಮುಖ ನೋಡುವ ಧೈರ್ಯ ಬರಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನ ಕೈ ಉಜ್ಜುವುದನ್ನು ನಿಲ್ಲಿಸಿತು. ಈಗ ಬೈಯುತ್ತಾನೆ ಎಂದು ಅತ್ತಿಗೆಯೂ ಕಾದರು, ನಾನೂ ಕಾದೆ. ಅವನು ಎರಡೂ ಅಂಗೈಗಳನ್ನು ಜೋಡಿಸಿ ಅತ್ತಿಗೆಯ ಮುಂದೆ ಚಾಚಿದ. ನಡುಗುತ್ತಿದ್ದ ಕೈಗಳನ್ನು ಅತ್ತಿಗೆ ತಮ್ಮ ಎಡಗೈಯಿಂದ ಹಿಡಿದುಕೊಂಡರು.

"ಇನ್ನೊಂಚೂರು ಹಾಕು" ಅಂದ ಅಣ್ಣ.